ಟೈಮ್ ಎಷ್ಟಾಯ್ತೋ, ಹೀರೋ?

ಗೆಳೆಯರೇ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪುಟ ತಿರುವುತ್ತಿದ್ದೀರಾ? ಕಿವಿಯಲ್ಲಿ ಬಿಳೀ ಗುಂಡಿ, ಕೈಯಲ್ಲಿ ಫೋನು, ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ವಾಚು! ಇರಲಿ, ಇರಲಿ. ನಾನೂ ಒಂದು ಕಾಲದಲ್ಲಿ ಇದೇ ಸ್ಟ್ಯಾಂಡಿನಲ್ಲಿ ಇದೇ ಪೋಸ್ ಕೊಟ್ಟವನೇ. ಅದಕ್ಕೆ ತೆತ್ತ ದಂಡದ ಕಥೆ ಕೇಳಿ.

1983ನೇ ಇಸವಿ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ತಮ್ಮ ಕೈಯಿಂದ ಬಿಚ್ಚಿ ಕಟ್ಟಿದ ಎಚ್‌ಎಂಟಿ ಜನತಾ ವಾಚು ನನ್ನ ಆಸ್ತಿ. ಅಪ್ಪ ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಮೇಷ್ಟ್ರು. ಆ ಕಾಲದಲ್ಲಿ ಎಚ್‌ಎಂಟಿ ಅಂದ್ರೆ ಸುಮ್ನೆ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ನಮ್ಮ ಬೆಂಗಳೂರಿನಲ್ಲೇ ಶುರುವಾದ ವಾಚು. ಸೆಲ್ಲು ಬೇಡ, ಕರೆಂಟು ಬೇಡ. ಬೆಳಿಗ್ಗೆ ಎದ್ದು ಕೀಲಿ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಸುತ್ತಿಕೊಳ್ಳುತ್ತೆ, ಅದು ಬಿಚ್ಚಿಕೊಳ್ಳುತ್ತಾ ಬಿಚ್ಚಿಕೊಳ್ಳುತ್ತಾ ದಿನ ಕಳೆಯುತ್ತೆ. ಮದುವೆ ಗಂಡಿಗೆ ಮಾವ ಕೊಡೋದೂ ಅದೇ, ರಿಟೈರ್ ಆದವರಿಗೆ ಆಫೀಸಿನವರು ಕೊಡೋದೂ ಅದೇ.

ಆದ್ರೆ ನನ್ನ ಕಣ್ಣು ಬಿದ್ದಿದ್ದು ವಾಕ್‌ಮನ್ ಮೇಲೆ! ಜಪಾನಿನಲ್ಲಿ ಸೋನಿಯವರು 1979ರ ಜುಲೈ 1ರಂದು ಬಿಟ್ಟ ಪೆಟ್ಟಿಗೆ. ನಮ್ಮ ಕಡೆ ಅದರ ಸುದ್ದಿ ಬರೋ ಹೊತ್ತಿಗೆ ಅದರ ನಕಲೂ ಬಂದಿತ್ತು. ಬಂಗಾರಪೇಟೆಯಲ್ಲಿ ಮದರಾಸು ರೈಲು ಹತ್ತುವ ಗೆಳೆಯನೊಬ್ಬ ‘ನಾನೂರು ಕೊಡು, ತಂದುಕೊಡ್ತೀನಿ’ ಅಂದ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ರಜೆಯಲ್ಲಿ ಲೆಕ್ಕ ಬರೆದು ಮುನ್ನೂರು ಕೂಡಿಸಿದ್ದೆ. ಇನ್ನು ನೂರು? ಕೋಲಾರದ ಗಿರವಿ ಅಂಗಡಿಯಲ್ಲಿ ಅಪ್ಪನ ವಾಚು ಹೋಯ್ತು.

ಪೆಟ್ಟಿಗೆ ಬಂತು. ಹೆಸರಿನಲ್ಲಿ ಒಂದಕ್ಷರ ಹೆಚ್ಚಿತ್ತು, ಅದನ್ನು ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿದುಕೊಂಡರೆ ಅಸಲಿಯೇ! ಮುಳಬಾಗಿಲು ಬಸ್ಸಿನಲ್ಲಿ ಕಿಟಕಿ ಸೀಟು, ಕಿವಿಗೆ ಸ್ಪಂಜಿನ ಹೆಡ್‌ಫೋನು... ಕಂಡಕ್ಟರು ಮೂರು ಸಲ ಟಿಕೆಟ್ ಕೇಳಿದ್ದು ಕೇಳಿಸಲೇ ಇಲ್ಲ. ನಾಲ್ಕನೇ ಸಲ ತಲೆ ಮೇಲೆ ಕುಟ್ಟಿದರು.

ಸುಖ ಎಷ್ಟು ದಿನ? ಅದು ಸೆಲ್ಲು ತಿನ್ನುವ ರಾಕ್ಷಸ. ಶಕ್ತಿ ಇಳಿದ ಹಾಗೆ ಮೋಟರು ನಿಧಾನ, ಟೇಪು ನಿಧಾನ. ಎಸ್. ಜಾನಕಿಯವರ ದನಿ ನೋಡನೋಡುತ್ತಾ ವಜ್ರಮುನಿಯವರ ದನಿಯಾಗೋದು! ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೊಂದು ಅರ್ಧ ಗಂಟೆ ಜೀವ ಹಿಂಡುತ್ತಿದ್ದೆವು. ಟೇಪು ರೋಲರಿಗೆ ಸುತ್ತಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸೋದು. ಈ ಸರ್ಕಸ್ಸಿನಲ್ಲಿ ಗಿರವಿ ಬಿಡಿಸಲು ದುಡ್ಡೆಲ್ಲಿ?

ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು: ‘ಟೈಮ್ ಎಷ್ಟಾಯ್ತೋ, ಹೀರೋ?’ ನಾನು ಬಿಸಿಲು ನೋಡಿ ಅಂದಾಜು ಹೇಳೋದು, ಅವರು ‘ಹೂಂ’ ಅಂತ ಸೈಕಲ್ ಹತ್ತೋದು. ಹೀಗೇ ಎರಡು ತಿಂಗಳು. ಗೊತ್ತಿತ್ತೋ ಇಲ್ಲವೋ? ಗೊತ್ತಿಲ್ಲದೆ ಏನು! ಕೋಲಾರದಲ್ಲಿ ಕೆಮ್ಮಿದರೆ ಶ್ರೀನಿವಾಸಪುರದಲ್ಲಿ ಕೇಳುತ್ತೆ.

ಒಂದು ಭಾನುವಾರ ಇಬ್ಬರೂ ಮುಳಬಾಗಿಲಿಗೆ ಮದುವೆಗೆ ಹೊರಟೆವು. ಬಸ್ಸಿನಲ್ಲಿ ಅಪ್ಪ ‘ಏನೋ ಅದು, ಕೊಡು’ ಅಂತ ಹೆಡ್‌ಫೋನು ಇಸಿದುಕೊಂಡರು. ಒಳಗಿದ್ದದ್ದು 1977ರ ‘ಸನಾದಿ ಅಪ್ಪಣ್ಣ’ದ ಕ್ಯಾಸೆಟ್ಟು. ಅಣ್ಣಾವ್ರ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅನ್ನೋದು ನಿಮಗೆ ಹೇಳಬೇಕೇ? ಅಪ್ಪ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಇಡೀ ಬಸ್ಸಿಗೆ ಕೇಳುವ ಹಾಗೆ, ‘ಲೋ! ಕಿವಿಯೊಳಗೇ ಕೂತು ಊದ್ತಾವ್ರಲ್ಲೋ!’ ಅಂತ ಕಿರುಚಿದರು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ತಮಗೆ ಕೇಳಲ್ಲ ನೋಡಿ! ಡ್ರೈವರು ಕೂಡ ತಿರುಗಿ ನೋಡಿದ. ಆಮೇಲೆ ಅಪ್ಪ ಸ್ಪಂಜಿನ ಒಂದು ಬದಿ ತಮ್ಮ ಕಿವಿಗೆ, ಇನ್ನೊಂದು ಬದಿ ತಿರುಚಿ ನನ್ನ ಕಿವಿಗೆ ಒತ್ತಿ ಹಿಡಿದರು. ಹಾಗೇ ತಲೆಗೆ ತಲೆ ತಾಗಿಸಿಕೊಂಡು ಮುಳಬಾಗಿಲು ಸೇರಿದೆವು.

ಸೋನಿಯ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನಿಗೆ ಎರಡು ತೂತಿದ್ದವಂತೆ. ಒಬ್ಬರೇ ಕೇಳಿಕೊಂಡು ಕೂರೋದು ಮರ್ಯಾದೆಯಲ್ಲ ಅಂತ ಕಂಪನಿಯ ಯಜಮಾನ ಅಕಿಯೊ ಮೊರಿಟಾಗೆ ಅನ್ನಿಸಿತ್ತಂತೆ. ನನ್ನ ನಕಲಿ ಮಾಲಿನಲ್ಲಿ ಇದ್ದದ್ದು ಒಂದೇ ತೂತು. ಈಗಿನ ಎಷ್ಟೋ ಫೋನುಗಳಲ್ಲಿ ಅದೂ ಇಲ್ಲ. 2016ರಲ್ಲಿ ಐಫೋನು ಅದನ್ನು ತೆಗೆದ ಮೇಲೆ ಒಂದೊಂದಾಗಿ ಬೇರೆ ಹಲವರೂ ಕೈಬಿಟ್ಟರು.

ಮದುವೆಯಿಂದ ಬಂದ ಮರುವಾರ ನನ್ನ ದಿಂಬಿನ ಪಕ್ಕ ವಾಚಿತ್ತು. ನೂರು ರೂಪಾಯಿ, ಮೇಲೆ ಬಡ್ಡಿ. ಮೇಷ್ಟ್ರ ಸಂಬಳದಲ್ಲಿ! ಅದರ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು.

ವಾಕ್‌ಮನ್ ಯಾವ ಗುಜರಿಗೆ ಹೋಯಿತೋ ನೆನಪಿಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಈಗ ನೋಡಿ ತಮಾಷೆ, ನಮ್ಮ ನರಸಾಪುರದಲ್ಲೇ ಐಫೋನು ತಯಾರಾಗುತ್ತೆ! ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂತು. ನಮ್ಮ ಅಕ್ಕನ ಮಗಳು ಅಲ್ಲೇ ಕೆಲಸ. ಕತ್ತಲಲ್ಲೇ ಎದ್ದು ಬಸ್ ಹಿಡಿಯುವ ಹುಡುಗಿ. ಅವಳ ಕೈ ದಾಟಿ ಹೋಗುವ ಫೋನು ಒಂದೊಂದರ ಬೆಲೆ ಅವಳ ತಿಂಗಳ ಸಂಬಳಕ್ಕಿಂತ ಮೇಲೆ. ಅವಳ ಬ್ಯಾಗಿನಲ್ಲಿರೋದು ಗಾಜು ಒಡೆದ, ಬೇರೆ ಯಾವುದೋ ಕಂಪನಿಯದು, ವೈರಿನ ಇಯರ್‌ಫೋನಿನ ಸಮೇತ.

ಹೋದ ತಿಂಗಳು ಕೋಲಾರದಿಂದ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಬರುವಾಗ ‘ಮಾವ, ಕೇಳು’ ಅಂತ ಒಂದು ಗುಂಡಿ ನನ್ನ ಕಿವಿಗಿಟ್ಟಳು. ಯಾವುದೋ ಹೊಸ ಹಾಡು, ತಲೆ ಬುಡ ಅರ್ಥವಾಗಲಿಲ್ಲ. ತೆಗೆಯಲಿಲ್ಲ ಮಾತ್ರ. ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿ, ‘ಇದಕ್ಕೆ ಚಾರ್ಜ್ ಎಲ್ಲಿ ಹಾಕ್ತೀಯ?’ ಅಂದಳು. ಕೀಲಿ ತಿರುಗಿಸಿ ತೋರಿಸಿದೆ. ಅವಳೂ ನಾಲ್ಕು ಸುತ್ತು ತಿರುಗಿಸಿ, ಕಿವಿಯ ಗುಂಡಿ ತೆಗೆದು ವಾಚನ್ನೇ ಕಿವಿಗಿಟ್ಟುಕೊಂಡಳು.

‘ಟೈಮ್ ಎಷ್ಟಾಯ್ತೇ?’ ಅಂದೆ. ‘ಐದು ನಿಮಿಷ ಮುಂದಿದೆ ಮಾವ’ ಅಂದಳು. ಹೌದು, ಅಪ್ಪನ ಕೈಯಲ್ಲಿದ್ದಾಗಲೂ ಅದು ಐದು ನಿಮಿಷ ಮುಂದೆಯೇ ಇತ್ತು. ಸ್ಕೂಲಿಗೆ ಲೇಟಾಗಬಾರದು ಅಂತ.