ಶಾಲು ಹೊದೆಸಿದ್ದು ಸಾಕು, ಕತೆ ಓದಿಸಿ ಮಾರಾಯ್ರೆ!

ಮಕ್ಕಳ ಸಾಹಿತಿಯೊಬ್ಬರು ಶಾಲೆಗೆ ಬರ್ತಾರೆ ಅಂದ್ರೆ ಏನಾಗುತ್ತೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಬಿಜೂರು, ಬೈಂದೂರು ಕಡೆ ಮಾತ್ರ ಅಲ್ಲ, ನಿಮ್ಮೂರಲ್ಲೂ ಅದೇ ಕತೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ... ವೇದಿಕೆ ತುಂಬಾ ಕುರ್ಚಿ, ಅದರಲ್ಲಿ ಮಕ್ಕಳಿಗಾಗಿ ಬರೆದವರು ಒಬ್ಬರೇ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲಾ ಮುಗಿದ ಮೇಲೆ ಅವರಿಗೆ ಹತ್ತು ನಿಮಿಷ. ಅವರಾದರೂ ಕತೆ ಓದ್ತಾರಾ? ಇಲ್ಲ ಸ್ವಾಮಿ, ‘ಮಕ್ಕಳೇ, ನೀವು ಪುಸ್ತಕ ಓದಬೇಕು’ ಅಂತ ಉಪದೇಶ ಮಾಡ್ತಾರೆ! ನೆಲದ ಮೇಲೆ ಕೂತು ಕಾಲು ಜೋಮು ಹಿಡಿದ ಮಕ್ಕಳು ಹೇಳಿದಾಗ ಚಪ್ಪಾಳೆ ತಟ್ತಾರೆ. ಅಪ್ಪ ಅಮ್ಮಂದಿರು? ಅವರನ್ನು ಕರೆದೇ ಇರೋದಿಲ್ಲ.

ಇದು ಸಾಹಿತಿಗೆ ಸಿಕ್ಕ ಸನ್ಮಾನ ಇರಬಹುದು, ಮಕ್ಕಳಿಗೆ ಏನೂ ಸಿಗಲಿಲ್ಲ ಅನ್ನೋದೇ ನನ್ನ ತಕರಾರು. ಬರೆದವರು ಚಾಪೆ ಮೇಲೆ ಮಕ್ಕಳ ಪಕ್ಕ ಕೂತು, ಮನೆಯವರ ಎದುರಿಗೇ, ಒಂದು ಕತೆಯನ್ನು ಪೂರ್ತಿ ಓದಲಿ.

ಮನೆಯವರು ಯಾಕೆ ಬೇಕು ಅಂತೀರಾ? ಶಾಲೆಯಲ್ಲಿ ಕೇಳಿದ ಕತೆ ರಾತ್ರಿ ಮನೆಯಲ್ಲೂ ಮುಂದುವರಿಯಬೇಕಲ್ಲ. ಓದೋದು ಅಂದ್ರೆ ಟೀಚರ್ ಕೆಲಸ, ನನಗೆಲ್ಲಿ ಬರುತ್ತೆ ಅಂತ ಹಿಂಜರಿಯೋ ಅಮ್ಮಂದಿರು ಎಷ್ಟೋ ಜನ. ಪುಸ್ತಕ ಬರೆದವರೇ ನಡುವೆ ನಿಲ್ಲಿಸಿ, ‘ಮುಂದ್ ಎಂತ ಆಯ್ತ್ ಹೇಳಿ ಕಾಂಬ’ ಅಂತ ಕೇಳೋದನ್ನು ನೋಡಿದರೆ, ಇದು ತನ್ನಿಂದಲೂ ಆಗುತ್ತೆ ಅಂತ ಆಕೆಗೂ ಅನಿಸೀತು. ಓದು ಬಾರದ ಅಜ್ಜಿಯೂ ಚಿತ್ರ ತೋರಿಸಿ ತನ್ನದೇ ಕತೆ ಕಟ್ಟಿಯಾಳು.

ಇದೇನು ಹೊರಗಿನಿಂದ ತಂದ ಫ್ಯಾಷನ್ ಅಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮೇಷ್ಟ್ರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. ‘ಕವಿಶಿಷ್ಯ’ ಅನ್ನೋ ಹೆಸರಲ್ಲಿ ಮಕ್ಕಳಿಗೆ ಬರೆದರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ತರಗತಿಯ ಒಳಗನ್ನು ಕಂಡವರು ಬರೆದದ್ದು ಅಂತಲೇ ‘ನಾಗರಹಾವೆ’ ಇವತ್ತಿಗೂ ಮಕ್ಕಳ ಬಾಯಲ್ಲಿದೆ. ಇಲ್ಲೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ಇಂಥವರ ನಾಡಿನವರು ನಾವು, ಈಗ ಮಕ್ಕಳ ಸಾಹಿತಿ ಅಂದ ಕೂಡಲೇ ಶಾಲು ಹುಡುಕ್ತೀವಿ.

‘ಪೋಷಕರಿಗೆ ಪುರುಸೊತ್ತಿಲ್ಲ’ ಅಂತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟವೂ ಇಲ್ಲ. ಆಸಾಡಿ ಅಮಾಸಿ ಹೊತ್ತಿಗೆ ನಟ್ಟಿ ಕೆಲಸವೂ ಹೆಚ್ಚುಕಮ್ಮಿ ಮುಗಿದಿರುತ್ತೆ. ಆ ದಿನವನ್ನೇ ಈಗ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಆಚರಿಸ್ತೀವಲ್ಲ, ಅವತ್ತೇ ಇಟ್ಟುಕೊಳ್ಳಿ. ಅಪ್ಪ ಬೆಂಗಳೂರಿನ ಹೋಟೆಲಿನಲ್ಲಿದ್ದರೆ ಅಜ್ಜಿ ಬರಲಿ.

‘ಹಳ್ಳಿಯವರಿಗೆ ಕೂತು ಕೇಳೋ ತಾಳ್ಮೆ ಇಲ್ಲ’ ಅನ್ನೋದು ಇನ್ನೊಂದು ಮಾತು. ಬೆಳಗಿನವರೆಗೆ ಆಟ ನೋಡುವ, ತಾಳಮದ್ದಲೆಯಲ್ಲಿ ಬರೀ ಮಾತು ಕೇಳಲಿಕ್ಕೇ ಗಂಟೆಗಟ್ಟಲೆ ಕೂರುವ ಜನಕ್ಕೆ ತಾಳ್ಮೆ ಇಲ್ವಾ? ನಿಮ್ಮ ಪ್ರಾಸ್ತಾವಿಕ ಕೇಳೋ ತಾಳ್ಮೆ ಇಲ್ಲ ಅಷ್ಟೇ!

ಇನ್ನು ದುಡ್ಡು. ಸನ್ಮಾನದ ಖರ್ಚಲ್ಲಿ ಲೇಖಕರಿಗೆ ಬಸ್ ಚಾರ್ಜು, ಗೌರವಧನ ಕೊಡಿ. ಉಳಿದದ್ದರಲ್ಲಿ ಅವರದೇ ಪುಸ್ತಕ ಕೊಂಡು ಸರದಿ ಪ್ರಕಾರ ಮನೆಗೆ ಕಳಿಸಿ. ಪ್ರತಿ ಶಾಲೆಯಲ್ಲೂ ಕತೆಪುಸ್ತಕಗಳಿರೋ ಗ್ರಂಥಾಲಯ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತೆ. ಪಂಚಾಯತ್ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 2020ರಲ್ಲಿ ‘ಓದುವ ಬೆಳಕು’ ಅಂತ ಸರಕಾರವೇ ಶುರುಮಾಡಿತು. ಬೀರು ಇದೆ, ಪುಸ್ತಕ ಇದೆ. ಬೀಗದ ಕೈ ಮಾತ್ರ ಹೆಡ್ಮಾಸ್ಟರ ಮೇಜಿನೊಳಗೆ ಇದ್ದರೆ ಏನುಪಯೋಗ?

ಬ್ಲಾಗ್ ಗೆಳೆಯರೇ, ನಿಮ್ಮಲ್ಲೂ ಹಲವರು ಮಕ್ಕಳಿಗೆ ಪದ್ಯ, ಕತೆ ಬರೀತೀರಿ. ನಾಳೆ ನಿಮ್ಮನ್ನು ಶಾಲೆಗೆ ಕರೆದರೆ ಎರಡು ಷರತ್ತು ಹಾಕಿ: ಶಾಲು ಬೇಡ, ಮನೆಯವರು ಬರಬೇಕು. ಒಪ್ಪದಿದ್ದರೆ ಹೋಗಬೇಡಿ. ಒಪ್ಪಿದರೆ ಭಾಷಣದ ಚೀಟಿ ಮನೆಯಲ್ಲೇ ಬಿಟ್ಟು, ಪುಸ್ತಕ ಹಿಡ್ಕೊಂಡು ಹೋಗಿ.

ಏನಂತೀರಿ? ಬೈಯೋದಿದ್ದರೂ ಕಾಮೆಂಟಲ್ಲಿ ಧಾರಾಳವಾಗಿ ಬೈಯಿರಿ.