ಹೆಚ್ಚುಕಡಿಮೆ ಎಷ್ಟು?

ಕನ್ನಡದಲ್ಲಿ ನಾವು ದಿನಕ್ಕೆ ಹತ್ತಾರು ಬಾರಿ ಬಳಸುವ ಪದ 'ಹೆಚ್ಚುಕಡಿಮೆ'. ನಿಲ್ದಾಣ ಎಷ್ಟು ದೂರವೆಂದು ಕೇಳಿದವರಿಗೆ 'ಹೆಚ್ಚುಕಡಿಮೆ ಎರಡು ಕಿಲೋಮೀಟರು' ಎನ್ನುತ್ತೇವೆ. ಭೌತವಿಜ್ಞಾನಿಗಳೂ ತಮ್ಮ ಅಳತೆಯ ಪಕ್ಕದಲ್ಲಿ ಕೂಡುವ ಚಿಹ್ನೆಯ ಕೆಳಗೆ ಕಳೆಯುವ ಚಿಹ್ನೆಯನ್ನಿಟ್ಟು ಇದೇ ಪದವನ್ನು ಬರೆಯುತ್ತಾರೆ. ವ್ಯತ್ಯಾಸವಿಷ್ಟೆ: ನಾವು ಹೆಚ್ಚುಕಡಿಮೆ ಎಂದು ಹೇಳಿ ಸುಮ್ಮನಾಗುತ್ತೇವೆ, ಅವರು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನೂ ಹೇಳಬೇಕು. ವೈಜ್ಞಾನಿಕ ವಿಧಾನವೆಂದು ಕರೆಯಲಾಗುವುದರ ಬಹುಪಾಲು ಈ ಹೊಣೆಗಾರಿಕೆಯಲ್ಲೇ ಇದೆ ಎಂದು ನಾವು ನಂಬಿದ್ದೇವೆ.

ಈ ಹೊಣೆಯನ್ನು ಕಲಿಸುತ್ತಿದ್ದ ಪುಟಗಳನ್ನು ನಮ್ಮ ಮಕ್ಕಳ ಪಠ್ಯದಿಂದ ಕೈಬಿಡಲಾಗಿದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ, ಅದರಲ್ಲೂ ವರ್ಗಾವಣೆಯ ನೌಕರಿಯಲ್ಲಿರುವವರ, ಮಕ್ಕಳು ಓದುವುದು ಎನ್‌ಸಿಇಆರ್‌ಟಿ ಪುಸ್ತಕಗಳನ್ನು. ಹನ್ನೊಂದನೆಯ ತರಗತಿಯ ಭೌತವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ವಿಜ್ಞಾನವೆಂದರೇನು, ಅದರ ವಿಧಾನ ಯಾವುದು ಎಂಬ ಚರ್ಚೆಯಿತ್ತು. ಎರಡನೆಯದು ಏಕಮಾನಗಳು ಮತ್ತು ಅಳತೆಯನ್ನು ಕುರಿತದ್ದು. ಕೋವಿಡ್ ನಂತರ ಕಲಿಕೆಯ ಹೊರೆ ಇಳಿಸಲೆಂದು ನಡೆದ ಪರಿಷ್ಕರಣೆಯಲ್ಲಿ ಮೊದಲ ಅಧ್ಯಾಯ ಪೂರ್ತಿಯಾಗಿ ಹೋಯಿತು. ಎರಡನೆಯದರಲ್ಲಿ ಅಳತೆಯ ದೋಷಗಳನ್ನು ವಿವರಿಸುವ ಭಾಗ ಹೋಯಿತು. ಮುಖ್ಯವಾಗಿ ಉಳಿದವು ಏಕಮಾನಗಳ ಪಟ್ಟಿ, ಸಾರ್ಥಕ ಅಂಕಿಗಳ ನಿಯಮ ಮತ್ತು ಆಯಾಮಗಳ ಸೂತ್ರ. ಮೂರೂ ಬಾಯಿಪಾಠಕ್ಕೆ ಒಗ್ಗುವಂಥವು.

ಹೋದದ್ದು ಎಂಥದ್ದೆಂದು ತಿಳಿಯಲು ಮೀಟರಿನ ಇತಿಹಾಸವನ್ನೇ ನೋಡಬಹುದು. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯ ಒಂದು ಭಾಗವೇ ಮೀಟರು ಎಂದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ನಿಶ್ಚಯವಾಯಿತು. 1792ರಲ್ಲಿ ದೆಲಾಂಬ್ರ್ ಮತ್ತು ಮೆಶೆಂ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ನೆಲವನ್ನು ಅಳೆಯಲು ಹೊರಟರು. ಬಾರ್ಸಿಲೋನಾದ ಎರಡು ಸ್ಥಳಗಳಲ್ಲಿ ಮೆಶೆಂ ಕಂಡುಹಿಡಿದ ಅಕ್ಷಾಂಶಗಳು ಪರಸ್ಪರ ತಾಳೆಯಾಗಲಿಲ್ಲ. ಸುಮಾರು ಮೂರು ಆರ್ಕ್ ಸೆಕೆಂಡುಗಳ ಅಂತರ ಉಳಿಯಿತು. ಆತ ಅದನ್ನು ಬಚ್ಚಿಟ್ಟ, ಕೊರಗಿದ. 1804ರಲ್ಲಿ ಆತ ತೀರಿಕೊಂಡ ಮೇಲೆ ಕಾಗದಪತ್ರಗಳನ್ನು ಪರಿಶೀಲಿಸಿದ ದೆಲಾಂಬ್ರ್‌ಗೆ ಗುಟ್ಟು ತಿಳಿಯಿತು. ಮೀಟರು ಉದ್ದೇಶಿತ ಉದ್ದಕ್ಕಿಂತ ಸುಮಾರು 0.2 ಮಿಲಿಮೀಟರು ಗಿಡ್ಡವಾದದ್ದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ಭೂಮಿಯ ಆಕಾರದ ಬಗೆಗಿನ ಊಹೆಯೇ ಹೊರತು ಮೆಶೆಂನ ಮೂರು ಸೆಕೆಂಡುಗಳಲ್ಲ. ಮರುವರ್ಷವೇ, 1805ರಲ್ಲಿ, ಲಜಾಂಡ್ರ್ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದ. ಒಂದಕ್ಕೊಂದು ಹೊಂದದ ಅಳತೆಗಳಿಂದ ಉತ್ತಮ ಅಂದಾಜು ಪಡೆಯುವ ಆ ವಿಧಾನಕ್ಕೆ ಉದಾಹರಣೆಯಾಗಿ ಬಳಸಿದ್ದು ಇದೇ ಸಮೀಕ್ಷೆಯ ಅಂಕಿಗಳನ್ನು. ಒಬ್ಬನು ಪಾಪವೆಂದು ಬಚ್ಚಿಟ್ಟದ್ದು ಒಂದು ಶಾಸ್ತ್ರದ ವಸ್ತುವಾಯಿತು.

ಕಿಲೋಗ್ರಾಮಿನ ಕಥೆಯೂ ಬೇರೆಯಲ್ಲ. 1889ರಿಂದ ಜಗತ್ತಿನ ಕಿಲೋಗ್ರಾಮು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿದ್ದ ಪ್ಲಾಟಿನಮ್-ಇರಿಡಿಯಮ್ ಲೋಹದ ಒಂದು ಉರುಳೆ. ಅದರ 57ನೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷಗಳ ತರುವಾಯ ತೂಗಿ ನೋಡಿದಾಗ ಮೂಲಕ್ಕೂ ಹಲವು ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಮುಗಳ ಅಂತರ ಕಂಡಿತು. ಮೂಲ ಸವೆದಿದೆಯೋ ಪ್ರತಿಗಳು ಬೆಳೆದಿವೆಯೋ ಹೇಳುವ ದಾರಿಯಿರಲಿಲ್ಲ. ಆ ಅಂತರವನ್ನು ಮರೆಮಾಚದೆ ಲೆಕ್ಕಕ್ಕೆ ತೆಗೆದುಕೊಂಡದ್ದರಿಂದಲೇ 2019ರ ಮೇ 20ರಿಂದ ಕಿಲೋಗ್ರಾಮು ಲೋಹವನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕವನ್ನು ಆಶ್ರಯಿಸಿತು.

ದೋಷದ ಪಾಠ ಪ್ರಯೋಗಾಲಯದಲ್ಲಿ ಆದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೊರೆ ಇಳಿಸಬೇಕೆಂಬ ಮಾತಿನಲ್ಲಿ ನ್ಯಾಯವೂ ಇದೆ. ಆದರೆ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕೆಂದು ಮೊದಲೇ ಗೊತ್ತಿರುವ ವಿದ್ಯಾರ್ಥಿ, ಉತ್ತರದಿಂದ ಹಿಂದಕ್ಕೆ ನಡೆದು ಕೋಷ್ಟಕವನ್ನು ತುಂಬುವುದು ಎಲ್ಲರಿಗೂ ತಿಳಿದ ಸಂಗತಿ. ಆ 9.8 ಕೂಡ ದುಂಡಾಗಿಸಿದ ಸಂಖ್ಯೆ. ದೆಹಲಿಯಲ್ಲಿ ಅದು ಸುಮಾರು 9.79, ಬೆಂಗಳೂರಿನಲ್ಲಿ ಸುಮಾರು 9.78. ತನ್ನ ಸಲಕರಣೆಗೆ ಈ ಅಂತರವನ್ನು ಕಾಣುವ ಶಕ್ತಿ ಇದೆಯೇ ಎಂದು ಕೇಳಲು ಕಲಿಯದ ಹುಡುಗ ಕಲಿಯುವುದು ಭೌತವಿಜ್ಞಾನವನ್ನಲ್ಲ, ಒಪ್ಪಿತ ಉತ್ತರಕ್ಕೆ ಸಾಕ್ಷ್ಯ ಹೊಂದಿಸುವ ವಿದ್ಯೆಯನ್ನು. ಆ ವಿದ್ಯೆಯಲ್ಲಿ ಪಳಗಿದವರ ಕೊರತೆ ನಮ್ಮ ದೇಶಕ್ಕಿಲ್ಲ.

ಭಾಷೆಯೂ ಇಲ್ಲಿ ನಮಗೆ ಸ್ವಲ್ಪ ತೊಡಕೊಡ್ಡುತ್ತದೆ. ಇಂಗ್ಲಿಷಿನ 'ಎರರ್' ಎಂಬುದು ಅಲೆದಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ನಮ್ಮ ಪಠ್ಯಗಳ 'ದೋಷ'ಕ್ಕೆ ಜಾತಕದ ನಂಟು, ಕಳಂಕದ ವಾಸನೆ. ದೋಷವಿಲ್ಲದಿರುವುದೇ ಗುಣವೆಂದು ಬೆಳೆದವರಿಗೆ, ದೋಷವನ್ನು ತಾನಾಗಿ ಬರೆದು ತೋರಿಸುವುದೇ ಪ್ರಾಮಾಣಿಕತೆ ಎಂಬುದು ಸುಲಭವಾಗಿ ಒಗ್ಗದು. 'ಹೆಚ್ಚುಕಡಿಮೆ'ಯಲ್ಲಿ ಈ ಕಳಂಕವಿಲ್ಲ. ಪಾರಿಭಾಷಿಕ ಪದ ರಚಿಸುವವರು ಇದನ್ನು ಗಮನಿಸಬಹುದಿತ್ತು.

ಈ ಪಾಠ ವಿಜ್ಞಾನ ಓದುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸಾವಿರ ಜನರನ್ನು ವಿಚಾರಿಸಿದ ಸಮೀಕ್ಷೆಯೊಂದು ಶೇಕಡಾ 43.27 ಮಂದಿ ಹೀಗೆ ಹೇಳಿದರೆಂದು ವರದಿ ಮಾಡುತ್ತದೆ. ಸಾವಿರದ ಮಾದರಿಯಲ್ಲಿ ಮೂರು ಅಂಶಗಳಷ್ಟು ಹೆಚ್ಚುಕಡಿಮೆ ಸಹಜ. ದಶಮಾಂಶದ ನಂತರದ ಅಂಕಿಗಳು ಬರಿಯ ಅಲಂಕಾರ. ನಾವು ಕೆಲಸ ಮಾಡುವ ಕಚೇರಿಗಳ ಕಡತಗಳಲ್ಲೂ ಇಂಥ ಅಲಂಕಾರಕ್ಕೆ ಬಡತನವಿಲ್ಲ. ಅಂಕಿಗಳನ್ನು ನೆಚ್ಚಿ ಹಣ ಹಂಚುವ, ಮತ ಹಾಕುವ, ಔಷಧಿ ನುಂಗುವ ಸಮಾಜಕ್ಕೆ 'ಹೆಚ್ಚುಕಡಿಮೆ ಎಷ್ಟು?' ಎಂದು ಕೇಳುವ ಅಭ್ಯಾಸ ಬೇಕೇ ಬೇಕು.

ಪಠ್ಯಕ್ಕೆ ಆ ಪುಟಗಳು ಮರಳಬೇಕೆಂಬುದು ನಮ್ಮ ಒತ್ತಾಯ. ಅಲ್ಲಿಯವರೆಗೆ ಹೊರನಾಡಿನ ನಮ್ಮ ಕೂಟಗಳು ಮಕ್ಕಳ ಕನ್ನಡ ತರಗತಿಯ ಒಂದು ಸಂಜೆಯನ್ನು ಇದಕ್ಕೆ ಕೊಡಬಹುದು. ಒಂದು ಮೀಟರು ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟರೆ ಒಂದು ಆಂದೋಲನಕ್ಕೆ ಸುಮಾರು ಎರಡು ಸೆಕೆಂಡು. ಗಡಿಯಾರ ಒತ್ತುವ ಬೆರಳು 0.2 ಸೆಕೆಂಡು ಆಚೀಚೆ ಆದರೆ ಅದು ಶೇಕಡಾ ಹತ್ತು. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಎಣಿಸಿದರೆ ಅದೇ 0.2 ಸೆಕೆಂಡು ನಲವತ್ತು ಸೆಕೆಂಡುಗಳಲ್ಲಿ ಹಂಚಿಹೋಗಿ ಶೇಕಡಾ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಮಗುವೂ ತನಗೆ ಬಂದ ಸಂಖ್ಯೆಯನ್ನು, ಅದರ ಹೆಚ್ಚುಕಡಿಮೆಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಸಂಖ್ಯೆಗಳು ಒಂದೇ ಆಗಿರುವುದಿಲ್ಲ. ಏಕೆಂದು ಮಕ್ಕಳೇ ವಾದಿಸಲಿ.