ಐದು ವಾರದ ‘ಕರೆಂಟು’, ಉಳಿಯೋದೆಲ್ಲಿ?

ಕೆನ್ನೆಯ ಮೇಲೊಂದು ಕೆಂಪು ಗಂಟು. ನೋವಿಲ್ಲ, ತುರಿಕೆಯಿಲ್ಲ. ‘ಏನೋ ಉಷ್ಣದ ಗುಳ್ಳೆ’ ಎಂದು ಸುಣ್ಣ ಹಚ್ಚಿಕೊಂಡು ಗಲ್ಲಾದ ಮುಂದೆ ಕೂತವರು ಎಷ್ಟು ಜನವೋ! ಆದರೆ ವಯಸ್ಸಾದವರಲ್ಲಿ ವಾರವಾರಕ್ಕೂ ಬೆಳೆಯುವ ಇಂಥ ಗಂಟು ಮರ್ಕೆಲ್ ಸೆಲ್ ಕ್ಯಾನ್ಸರ್ ಆಗಿರಲೂಬಹುದು. ಚರ್ಮದ ಕ್ಯಾನ್ಸರುಗಳಲ್ಲೇ ಅಪರೂಪದ್ದು. ಹರಡುವ ವೇಗ ಮಾತ್ರ ಜೋರು. 1972ರಲ್ಲಿ ಸಿರಿಲ್ ಟೋಕರ್ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿ ಬರೆದರು.

ಸಮಾಧಾನದ ಸಂಗತಿಯೂ ಉಂಟು. ಈ ಕ್ಯಾನ್ಸರು ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಗಂಟು ಕೊಯ್ದು ತೆಗೆದ ಮೇಲೆ ಆ ಜಾಗಕ್ಕೆ ವಿಕಿರಣ ಕೊಟ್ಟರೆ ಅಲ್ಲೇ ಮತ್ತೆ ತಲೆ ಎತ್ತುವುದು ಕಡಿಮೆ. ಆಪರೇಷನ್ ತಾಳಲಾರದವರಿಗೆ ಬರೀ ವಿಕಿರಣವನ್ನೇ ಕೊಡುವುದೂ ಉಂಟು. ಜನ ಇದಕ್ಕೆ ‘ಕರೆಂಟು ಕೊಡೋದು’ ಅಂತಾರೆ. ಅದು ಕರೆಂಟೂ ಅಲ್ಲ, ಶಾಕೂ ಹೊಡೆಯೋದಿಲ್ಲ. ಒಂದೊಂದು ಸಲವೂ ಕೆಲವೇ ನಿಮಿಷದ ಕೆಲಸ. ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಬಹುದು. ಯಂತ್ರದ ಕೆಳಗೆ ಮಲಗಿ ಬಂದ ಅಜ್ಜನನ್ನು ಮೊಮ್ಮಕ್ಕಳು ಮುಟ್ಟಬಾರದು ಅನ್ನೋದು ಶುದ್ಧ ಸುಳ್ಳು.

ತೊಂದರೆ ಇರೋದು ಬೇರೆ ಕಡೆ. ಸಾಮಾನ್ಯವಾಗಿ 25ರಿಂದ 30 ಸಲ, ವಾರಕ್ಕೆ 5 ದಿನ. ಅಂದರೆ ಐದಾರು ವಾರ! ವಿಕಿರಣ ಯಂತ್ರವಿಲ್ಲದ ಜಿಲ್ಲೆಯವರು ಬೆಂಗಳೂರಿನ ಕಿದ್ವಾಯಿಗೋ ಇನ್ನೊಂದು ದೊಡ್ಡಾಸ್ಪತ್ರೆಗೋ ಹೋಗಬೇಕು. ದಿನಾ ಬಸ್ಸು ಹತ್ತಿ ಇಳಿಯೋಕೆ ಎಪ್ಪತ್ತು ದಾಟಿದ ಮೈ ಕೇಳುತ್ತದೆಯೇ? ಅಲ್ಲೇ ಉಳಿಯೋಣವೆಂದರೆ ಲಾಡ್ಜಿನ ಬಾಡಿಗೆ, ಹೋಟೆಲಿನ ಊಟ, ಜೊತೆಗೆ ಬಂದ ಮಗನ ಅಂಗಡಿಗೆ ಬೀಗ. ಹತ್ತು ಸಲಕ್ಕೇ ಜೇಬು ಖಾಲಿ. ‘ಗಂಟು ಹೋಯ್ತಲ್ಲ, ಸಾಕು’ ಅಂತ ಊರ ಬಸ್ಸು ಹತ್ತಿದರೆ, ಅಡಗಿ ಕೂತ ರೋಗ ಮತ್ತೆ ಚಿಗುರಬಹುದು. ಅರ್ಧ ಕಟ್ಟಿದ ಕೆರೆ ಏರಿಯಲ್ಲಿ ನೀರು ನಿಂತೀತೇ?

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆದರೆ ಐದು ವಾರದ ಸೂರಿಗೆ, ಅನ್ನಕ್ಕೆ ಯಾವ ಕಾರ್ಡು?

ಜಿಲ್ಲೆಗೊಂದು ಯಂತ್ರ ಬರಲೇಬೇಕು. ಬರುವ ತನಕ ಕಾಯುತ್ತ ಕೂರೋದು ಬೇಡ. ಶಾಸಕರು, ವರ್ತಕರ ಸಂಘದವರು, ಕಲ್ಯಾಣ ಮಂಟಪ ಕಟ್ಟಿಸುವ ದಾನಿಗಳು ಒಂದಾಗಿ ದೊಡ್ಡಾಸ್ಪತ್ರೆಯ ಹತ್ತಿರ ಜಿಲ್ಲೆಯ ಹೆಸರಿನಲ್ಲಿ ನಾಲ್ಕು ಕೋಣೆ, ಒಂದು ಅಡುಗೆಮನೆ ಮಾಡಿಕೊಡಲಿ. ರೋಗಿಯ ಕಡೆಯವರೂ ಮೊದಲ ದಿನವೇ ವೈದ್ಯರನ್ನು ಕೇಳಲಿ: ‘ಎಷ್ಟು ಸಲ ಬರಬೇಕು ಸಾರ್? ವಯಸ್ಸಾದವರು, ಕಡಿಮೆ ಸಲದಲ್ಲಿ ಮುಗಿಸೋಕೆ ಆಗುತ್ತಾ?’ ಕೆಲವರಿಗೆ ಹಾಗೆ ಮಾಡುವುದುಂಟು. ಕೇಳೋಕೆ ಕಾಸು ಬೇಡ, ಬಾಯಿ ಸಾಕು.